ಫ್ಲೈವೀಲೂ ಕ್ಲಚ್ಚೂ: ಒಂದು ಹಳೆಯ ಕಾರಿನ ಲೆಕ್ಕ

ಮೋಟಾರುಕಾರಿನ ವೇಗವನ್ನು ಹೆಚ್ಚಿಸಬಯಸುವವನಿಗೆ ಮೊದಲು ಹೊಳೆಯುವ ಉಪಾಯ ಅದರ ಭಾರವನ್ನು ಇಳಿಸುವುದು. ಆದರೆ ಕಾರಿನೊಳಗೆ ಒಂದು ಭಾರವಾದ ಚಕ್ರವನ್ನು ಅದನ್ನು ನಿರ್ಮಿಸಿದವರೇ ಬೇಕೆಂದು ಇಟ್ಟಿರುತ್ತಾರೆ. ಅದು ರಸ್ತೆಯನ್ನು ಮುಟ್ಟುವುದಿಲ್ಲ. ಹೊರಗಿನಿಂದ ನೋಡುವವರ ಕಣ್ಣಿಗೂ ಬೀಳುವುದಿಲ್ಲ. ಎಂಜಿನ್ನಿನ ಹಿಂಬದಿಯಲ್ಲಿ, ಕ್ರ್ಯಾಂಕ್ ಷಾಫ್ಟಿನ ತುದಿಗೆ ಬಿಗಿಯಲ್ಪಟ್ಟಿರುವ ಈ ಚಕ್ರವೇ ಫ್ಲೈವೀಲ್. ಅದರ ನುಣುಪಾದ ಹಿಂಮುಖಕ್ಕೆ ಕ್ಲಚ್ ಪ್ಲೇಟು ಒತ್ತಿಕೊಂಡು ನಿಂತಾಗ ಎಂಜಿನ್ನಿನ ಶಕ್ತಿ ಗೇರುಪೆಟ್ಟಿಗೆಗೆ ದಾಟುತ್ತದೆ. ಪೆಡಲನ್ನು ಒತ್ತಿದಾಗ ಅವೆರಡರ ಸಂಬಂಧ ಕಡಿಯುತ್ತದೆ. ಹಳೆಯ ಓಟದ ಕಾರುಗಳನ್ನು ಪುನರುದ್ಧಾರ ಮಾಡುವವರಲ್ಲಿ ಈ ಫ್ಲೈವೀಲನ್ನು ಹಗುರಗೊಳಿಸುವ ಆಸೆ ಬಹು ಸಾಮಾನ್ಯವಾದುದು. ಆ ಆಸೆಗೆ ಎಷ್ಟರಮಟ್ಟಿಗೆ ಆಧಾರವುಂಟು, ಅದರ ಬೆಲೆ ಏನು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಒಂದು ನಿಜವಾದ ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುವುದು ಮೇಲು. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಕಾರು ಇಂದಿಗೂ ಸಹಸ್ರಾರು ಜನರ ಕೈಯಲ್ಲಿ ಓಡುತ್ತಿದೆ. ಅದರ ಎಂಜಿನ್ನು ನಾಲ್ಕು ಸಿಲಿಂಡರುಗಳದು; ಗಾತ್ರ 1798 ಘನ ಸೆಂಟಿಮೀಟರ್. ಮೊದಲ ಮಾದರಿಗಳಲ್ಲಿ ಅದು ನಿಮಿಷಕ್ಕೆ 5400 ಸುತ್ತುಗಳಲ್ಲಿ 95 ಅಶ್ವಶಕ್ತಿಯನ್ನೂ, 3000 ಸುತ್ತುಗಳಲ್ಲಿ ಸುಮಾರು 150 ನ್ಯೂಟನ್-ಮೀಟರ್ ತಿರುಚುಬಲವನ್ನೂ ಕೊಡುತ್ತಿತ್ತು. ನಮ್ಮವರಿಗೆ ಈ ಎಂಜಿನ್ನು ತೀರ ಅಪರಿಚಿತವೇನಲ್ಲ. 2014ರವರೆಗೆ ತಯಾರಾಗುತ್ತಿದ್ದ ಅಂಬಾಸಡರ್ ಕಾರಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ 1489 ಘನ ಸೆಂಟಿಮೀಟರಿನ ಎಂಜಿನ್ನು ಇದೇ ಕುಲದ್ದು; ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಶ್ರೇಣಿಗೆ ಸೇರಿದವು.

ಎಂ.ಜಿ.ಬಿ.ಯ ಕ್ಲಚ್ಚನ್ನು ಬದಲಾಯಿಸಬೇಕಾದರೆ ಎಂಜಿನ್ನನ್ನೇ ಹೊರತೆಗೆಯಬೇಕು. ಆದಕಾರಣ ಫ್ಲೈವೀಲನ್ನೂ ಕ್ಲಚ್ಚನ್ನೂ ಕೂಡಿಯೇ ಆರಿಸುವುದು ರೂಢಿ. ಆಯ್ಕೆ ತಪ್ಪಿದರೆ ಆ ಶ್ರಮವನ್ನೆಲ್ಲ ಮತ್ತೊಮ್ಮೆ ಪಡಬೇಕಾಗುತ್ತದೆ. ಕೆಲವು ತಪ್ಪುಗಳು ಚಾಲಕನ ಕಾಲಿಗೇ ಅಪಾಯ ತರುವಂಥವು. ಅದನ್ನು ಮುಂದೆ ನೋಡುವೆವು.

ಮೊದಲು ಈ ಚಕ್ರದ ಕೆಲಸವೇನೆಂದು ತಿಳಿಯೋಣ. ಎಂಜಿನ್ನು ಒಂದೇ ಸಮನಾದ ಬಲದಿಂದ ತಿರುಗುವ ಯಂತ್ರವಲ್ಲ. ಪ್ರತಿ ಸಿಲಿಂಡರಿನಲ್ಲಿಯೂ ನಾಲ್ಕು ಹೊಡೆತಗಳಲ್ಲಿ ಒಂದು ಮಾತ್ರ ಶಕ್ತಿಯನ್ನು ಕೊಡುತ್ತದೆ. ಉಳಿದ ಮೂರು ಶಕ್ತಿಯನ್ನು ಬೇಡುತ್ತವೆ. ನಾಲ್ಕು ಸಿಲಿಂಡರುಗಳು ಸರದಿಯಂತೆ ಉರಿದರೂ ಕ್ರ್ಯಾಂಕ್ ಷಾಫ್ಟಿಗೆ ಸುತ್ತಿಗೆ ಎರಡು ನೂಕುಗಳಷ್ಟೇ ದೊರೆಯುತ್ತವೆ. ಕುಂಬಾರನು ತನ್ನ ತಿಗರಿಯನ್ನು ಕೋಲಿನಿಂದ ಆಗೊಮ್ಮೆ ಈಗೊಮ್ಮೆ ತಿರುವಿ ಬಿಟ್ಟರೂ ಅದು ಒಂದೇ ಸಮನೆ ತಿರುಗುತ್ತಿರುವುದಿಲ್ಲವೆ? ಫ್ಲೈವೀಲ್ ಮಾಡುವುದೂ ಅದನ್ನೇ. ನೂಕು ಬಂದಾಗ ಶಕ್ತಿಯನ್ನು ಕೂಡಿಟ್ಟುಕೊಂಡು, ಬಾರದಿರುವಾಗ ಹಿಂದಕ್ಕೆ ಕೊಡುತ್ತದೆ.

ಹೀಗೆ ಕೂಡಿಡುವ ಸಾಮರ್ಥ್ಯವು ಚಕ್ರದ ತೂಕವನ್ನು ಮಾತ್ರ ಅವಲಂಬಿಸಿಲ್ಲ. ಆ ತೂಕ ಅಕ್ಷದಿಂದ ಎಷ್ಟು ದೂರದಲ್ಲಿದೆ ಎಂಬುದನ್ನೂ ಅವಲಂಬಿಸಿದೆ. ಪ್ರತಿ ಕಣದ ದ್ರವ್ಯರಾಶಿಯನ್ನು ಅದರ ದೂರದ ವರ್ಗದಿಂದ ಗುಣಿಸಿ ಎಲ್ಲವನ್ನೂ ಕೂಡಿಸಿದರೆ ಬರುವ ಮೊತ್ತವೇ ಜಡತ್ವ ಭ್ರಾಮಕ. ಲೆಕ್ಕಕ್ಕಾಗಿ ನಮ್ಮ ಫ್ಲೈವೀಲು 10 ಕಿಲೋಗ್ರಾಂ ತೂಕದ, 15 ಸೆಂಟಿಮೀಟರ್ ತ್ರಿಜ್ಯದ ಸಮನಾದ ಬಿಲ್ಲೆಯೆಂದು ಇಟ್ಟುಕೊಳ್ಳೋಣ. ಅದರ ಜಡತ್ವ ಭ್ರಾಮಕ 0.1125 ಕಿಲೋಗ್ರಾಂ-ಚದರ ಮೀಟರ್. ಅಕ್ಷದಿಂದ 6 ಸೆಂಟಿಮೀಟರ್ ದೂರದಲ್ಲಿ 3 ಕಿಲೋಗ್ರಾಂ ಲೋಹವನ್ನು ಕೆತ್ತಿ ತೆಗೆದರೆ ಈ ಮೊತ್ತದಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಕಡಮೆಯಾಗುತ್ತದೆ. ಅದೇ 3 ಕಿಲೋಗ್ರಾಮನ್ನು ಅಂಚಿನ ಸಮೀಪ, 13.5 ಸೆಂಟಿಮೀಟರ್ ದೂರದಲ್ಲಿ ತೆಗೆದರೆ ಹೆಚ್ಚುಕಡಮೆ ಅರ್ಧವೇ ಹೊರಟುಹೋಗುತ್ತದೆ! ‘ಇಷ್ಟು ಕಿಲೋ ಹಗುರ’ ಎಂದು ತೂಕವನ್ನಷ್ಟೇ ಹೇಳಿ ಫ್ಲೈವೀಲು ಮಾರುವವರ ಮಾತಿನಿಂದ ನಮಗೆ ತಿಳಿಯುವುದು ಅತ್ಯಲ್ಪ. ಲೋಹ ಎಲ್ಲಿಂದ ಹೋಗಿದೆ ಎಂದು ಕೇಳಬೇಕು.

ಈಗ ಲಾಭದ ವಿಚಾರ. ಕಾರು ವೇಗ ಹೆಚ್ಚಿಸಿಕೊಳ್ಳುವಾಗ ಎಂಜಿನ್ನು ಕಾರನ್ನು ಮುಂದೆ ನೂಕುವುದರ ಜೊತೆಗೆ ಫ್ಲೈವೀಲನ್ನೂ ಹೆಚ್ಚು ಬೇಗ ತಿರುಗಿಸಬೇಕು. ಈ ಹೆಚ್ಚಿನ ಹೊರೆಯನ್ನು, ಕಾರಿನಲ್ಲಿ ಇಷ್ಟು ಕಿಲೋಗ್ರಾಂ ಸಾಮಾನು ಹೇರಿದಂತೆ ಎಂದು ಲೆಕ್ಕ ಹಾಕಬಹುದು. ಸೂತ್ರ ಸರಳ: ಜಡತ್ವ ಭ್ರಾಮಕವನ್ನು ಒಟ್ಟು ಗೇರು ಪ್ರಮಾಣದ ವರ್ಗದಿಂದ ಗುಣಿಸಿ, ರಸ್ತೆಚಕ್ರದ ತ್ರಿಜ್ಯದ ವರ್ಗದಿಂದ ಭಾಗಿಸುವುದು. ಎಂ.ಜಿ.ಬಿ.ಯ ಮೊದಲನೆಯ ಗೇರಿನ ಪ್ರಮಾಣ 3.64, ಹಿಂದಿನ ಅಚ್ಚಿನದು 3.909, ಒಟ್ಟು ಸುಮಾರು 14.2. ರಸ್ತೆಚಕ್ರದ ತ್ರಿಜ್ಯ 30 ಸೆಂಟಿಮೀಟರೆಂದು ಹಿಡಿದರೆ, ನಮ್ಮ 10 ಕಿಲೋಗ್ರಾಂ ಬಿಲ್ಲೆ ಮೊದಲನೆಯ ಗೇರಿನಲ್ಲಿ 253 ಕಿಲೋಗ್ರಾಂ ಸಾಮಾನಿನಂತೆ ಕಾರಿಗೆ ಹೊರೆಯಾಗುತ್ತದೆ. ಸುಮಾರು 920 ಕಿಲೋಗ್ರಾಂ ತೂಗುವ ಕಾರಿನಲ್ಲಿ ಮೂರು ನಾಲ್ಕು ಜನ ಹೆಚ್ಚಾಗಿ ಕುಳಿತಂತೆ! ಆದರೆ ಎರಡನೆಯ ಗೇರಿಗೆ ಬರುವಾಗ ಈ ಹೊರೆ 93 ಕಿಲೋಗ್ರಾಮಿಗೆ ಇಳಿಯುತ್ತದೆ, ಮೂರನೆಯದರಲ್ಲಿ 36, ಕೊನೆಯ ಗೇರಿನಲ್ಲಿ ಬರಿಯ 19.

ಇಲ್ಲಿಯೇ ವಿಷಯದ ತಿರುಳಿದೆ. ಚಾಲಕನೂ ಸೇರಿ ಕಾರಿನ ತೂಕ 1000 ಕಿಲೋಗ್ರಾಂ ಎಂದು ಹಿಡಿಯೋಣ. ಫ್ಲೈವೀಲಿನ ಜಡತ್ವವನ್ನು ಅರ್ಧಕ್ಕೆ ಇಳಿಸಿದರೆ ಮೊದಲನೆಯ ಗೇರಿನಲ್ಲಿ ವೇಗೋತ್ಕರ್ಷ ನೂರಕ್ಕೆ 11ರಷ್ಟು ಹೆಚ್ಚುತ್ತದೆ; ಕೊನೆಯ ಗೇರಿನಲ್ಲಿ ನೂರಕ್ಕೆ ಒಂದರಷ್ಟೂ ಇಲ್ಲ. ಹೆದ್ದಾರಿಯಲ್ಲಿ ಕಾರು ಹಕ್ಕಿಯಂತೆ ಹಾರೀತೆಂಬ ನಿರೀಕ್ಷೆಯಿಂದ ಫ್ಲೈವೀಲನ್ನು ಕೆತ್ತಿಸುವವರಿಗೆ ನಿರಾಶೆ ಖಂಡಿತ. ಅವರ ಕಿವಿಗೆ ವ್ಯತ್ಯಾಸ ತಿಳಿಯುತ್ತದೆ, ನಿಜ: ಕಾರು ನಿಂತಿರುವಾಗ ವೇಗವರ್ಧಕವನ್ನು ಒತ್ತಿದರೆ ಎಂಜಿನ್ನು ಒಡನೆಯೇ ಗರ್ಜಿಸುತ್ತದೆ. ಆದರೆ ಆಗ ಎಂಜಿನ್ನಿಗೆ ಫ್ಲೈವೀಲಲ್ಲದೆ ಬೇರೆ ಹೊರೆಯೇ ಇರುವುದಿಲ್ಲ. ಕಿವಿಯ ಸಾಕ್ಷ್ಯವನ್ನು ಇಲ್ಲಿ ನಂಬುವಂತಿಲ್ಲ.

ಗೇರು ಬದಲಾಯಿಸುವಾಗ ಮಾತ್ರ ಹಗುರವಾದ ಚಕ್ರದ ಪ್ರಯೋಜನ ಎಲ್ಲ ವೇಗಗಳಲ್ಲಿಯೂ ಕಾಣುತ್ತದೆ. ಮೇಲಿನ ಗೇರಿಗೆ ಹೋಗುವಾಗ ಎಂಜಿನ್ನಿನ ಸುತ್ತು ಬೇಗ ಇಳಿಯಬೇಕು. ಕೆಳಗಿನದಕ್ಕೆ ಬರುವಾಗ ಬೇಗ ಏರಬೇಕು. ಪಂದ್ಯದ ಚಾಲಕರು ಹಗುರ ಚಕ್ರವನ್ನು ಮೆಚ್ಚುವುದು ಬಹುಮಟ್ಟಿಗೆ ಇದಕ್ಕಾಗಿಯೇ.

ಇನ್ನು ನಷ್ಟ. ನಿಮಿಷಕ್ಕೆ 1000 ಸುತ್ತು ತಿರುಗುವಾಗ ನಮ್ಮ ಬಿಲ್ಲೆಯಲ್ಲಿ ಅಡಗಿರುವ ಚಲನಶಕ್ತಿ ಸುಮಾರು 617 ಜೂಲ್. 1000 ಕಿಲೋಗ್ರಾಮಿನ ಕಾರನ್ನು ಆರು ಸೆಂಟಿಮೀಟರಿನಷ್ಟು ಮೇಲೆತ್ತಲು ಅದು ಸಾಲುತ್ತದೆ, ಅಷ್ಟೆ. ಘಟ್ಟದ ಏರಿನಲ್ಲಿ ನಿಂತ ಕಾರನ್ನು ಹೊರಡಿಸುವಾಗ ಈ ಅಲ್ಪ ಉಳಿತಾಯವೇ ಎಂಜಿನ್ನು ನಿಂತುಹೋಗದಂತೆ ಕಾಪಾಡುತ್ತಿರುತ್ತದೆ. ಅದನ್ನು ಅರ್ಧಮಾಡಿದರೆ ಚಾಲಕನು ಎಂಜಿನ್ನಿನ ಸುತ್ತನ್ನು ಮೊದಲೇ ಏರಿಸಿಕೊಂಡು, ಕ್ಲಚ್ಚನ್ನು ಹೆಚ್ಚು ಹೊತ್ತು ಜಾರಿಸುತ್ತ ಹೊರಡಬೇಕಾಗುತ್ತದೆ. ನಮ್ಮ ಚಾಲಕರು ‘ಹಾಫ್ ಕ್ಲಚ್’ ಎನ್ನುವುದು ಇದನ್ನೇ. ನಿಧಾನಗತಿಯಲ್ಲಿ ಎಂಜಿನ್ನಿನ ತೊನೆದಾಟವೂ ಹೆಚ್ಚುತ್ತದೆ. ಜಡತ್ವ ಅರ್ಧವಾದರೆ ಸುತ್ತಿನ ಏರಿಳಿತ ಎರಡರಷ್ಟಾಗುತ್ತದೆ. ಇಂಥ ಕಾರುಗಳಿಗೆ ಮೊದಲೇ ತೀಕ್ಷ್ಣವಾದ ಕ್ಯಾಮ್ ಷಾಫ್ಟ್ ಹಾಕಿಸಿರುವುದುಂಟು. ಅಂಥ ಎಂಜಿನ್ನು ಕೆಳಗಿನ ಸುತ್ತುಗಳಲ್ಲಿ ತಾನಾಗಿಯೇ ಮುಗ್ಗರಿಸುತ್ತಿರುತ್ತದೆ. ಅದರ ಊರುಗೋಲನ್ನೂ ಕಿತ್ತುಕೊಂಡಂತಾಗುತ್ತದೆ.

ಜಾರುವ ಕ್ಲಚ್ಚಿನಲ್ಲಿ ಹುಟ್ಟುವ ಶಾಖ ಎಷ್ಟು? ಎಂಜಿನ್ನನ್ನು 2000 ಸುತ್ತಿನಲ್ಲಿ ಹಿಡಿದು ಸಮತಟ್ಟಾದ ನೆಲದಲ್ಲಿ ಹೊರಟರೆ, ಕ್ಲಚ್ಚು ಪೂರ್ತಿ ಹಿಡಿಯುವ ವೇಳೆಗೆ ಮೊದಲನೆಯ ಗೇರಿನಲ್ಲಿ ಕಾರಿನ ವೇಗ ಗಂಟೆಗೆ 16 ಕಿಲೋಮೀಟರ್. ಆಗ ಕಾರಿಗೆ ದೊರೆತ ಚಲನಶಕ್ತಿ ಸುಮಾರು 10,000 ಜೂಲ್. ಕ್ಲಚ್ಚಿನಲ್ಲಿ ಶಾಖವಾಗಿ ಹೋದದ್ದೂ ಅಷ್ಟೇ. ಎಷ್ಟೇ ನಯವಾಗಿ ಪೆಡಲನ್ನು ಬಿಟ್ಟರೂ ಎಂಜಿನ್ನಿನ ಸುತ್ತು ಅದೇ ಆಗಿರುವವರೆಗೆ ಈ ಸರಿಪಾಲು ತಪ್ಪದು. ಈ ಶಾಖದ ಅರ್ಧವನ್ನು ಫ್ಲೈವೀಲೂ ಅರ್ಧವನ್ನು ಪ್ರೆಷರ್ ಪ್ಲೇಟೂ ಹೀರಿಕೊಳ್ಳುತ್ತವೆ. 3000 ಸುತ್ತಿನಲ್ಲಿ ಹೊರಟರೆ ಶಾಖ ಎರಡೂಕಾಲು ಪಟ್ಟು. ಹಗುರವಾದ ಫ್ಲೈವೀಲು ಹೆಚ್ಚು ಜಾರಿಕೆಯನ್ನು ಬೇಡುತ್ತದೆ. ಅದೇ ವೇಳೆಗೆ ಶಾಖವನ್ನು ಹೀರುವ ಲೋಹವನ್ನೂ ಕಡಮೆಮಾಡಿರುತ್ತದೆ. ಕ್ಲಚ್ಚಿನ ವಿಚಾರವನ್ನು ಬಿಟ್ಟು ಫ್ಲೈವೀಲಿನ ವಿಚಾರವನ್ನು ತೀರ್ಮಾನಿಸಬಾರದೆನ್ನಲು ಇದೇ ಕಾರಣ.

ಕ್ಲಚ್ಚಿನ ಹಿಡಿತವನ್ನು ನಿರ್ಣಯಿಸುವ ಅಂಶಗಳು ಕೆಲವೇ: ಸ್ಪ್ರಿಂಗಿನ ಒತ್ತುಬಲ, ಘರ್ಷಣಾಂಕ, ಘರ್ಷಣಪದರದ ಸರಾಸರಿ ತ್ರಿಜ್ಯ, ಪ್ಲೇಟಿಗೆ ಎರಡು ಮುಖಗಳಿರುವುದರಿಂದ ಎರಡು ಎಂಬ ಸಂಖ್ಯೆ. ಇವುಗಳ ಗುಣಲಬ್ಧವೇ ಕ್ಲಚ್ಚು ಜಾರದೆ ಸಾಗಿಸಬಲ್ಲ ತಿರುಚುಬಲ. ಎಂ.ಜಿ.ಬಿ.ಯ ಪ್ಲೇಟು ಎಂಟು ಅಂಗುಲ ವ್ಯಾಸದ್ದು. ಸರಾಸರಿ ತ್ರಿಜ್ಯ 87 ಮಿಲಿಮೀಟರ್, ಘರ್ಷಣಾಂಕ 0.3, ಒತ್ತುಬಲ 3750 ನ್ಯೂಟನ್ ಎಂದು ಇಟ್ಟುಕೊಂಡರೆ ಹಿಡಿತ 196 ನ್ಯೂಟನ್-ಮೀಟರ್ ಆಗುತ್ತದೆ. 150 ನ್ಯೂಟನ್-ಮೀಟರಿನ ಎಂಜಿನ್ನಿಗೆ ಇದು ನೂರಕ್ಕೆ 30ರಷ್ಟು ಹೆಚ್ಚಿನ ಆಸರೆ, ಸಾಕು. ಅದೇ ಎಂಜಿನ್ನನ್ನು ಬಲಪಡಿಸಿ 190ಕ್ಕೆ ಏರಿಸಿದರೆ ಆಸರೆ ಹೆಚ್ಚುಕಡಮೆ ಮುಗಿದಂತೆಯೇ. ಹಳೆಯ ಎಂಜಿನ್ನಿನ ಹಿಂದಣ ಬೇರಿಂಗಿನಿಂದ ಒಂದಿಷ್ಟು ಎಣ್ಣೆ ಜಿನುಗಿ ಪ್ಲೇಟನ್ನು ಸೇರಿದರೆ ಸಾಕು, ಏರಿನಲ್ಲಿ ಎಂಜಿನ್ನು ಕೂಗುತ್ತದೆ, ಕಾರು ಮುಂದೆ ಹೋಗುವುದಿಲ್ಲ.

ಪರಿಹಾರವೇನು? ಪ್ಲೇಟಿನ ವ್ಯಾಸವನ್ನು ಹೆಚ್ಚಿಸಲು ಸ್ಥಳವಿರುವುದು ಅಪೂರ್ವ. ಲೋಹದ ಪುಡಿಯನ್ನು ಬೆಸೆದು ಮಾಡಿದ ಘರ್ಷಣಪದರವನ್ನು ಹಾಕಿದರೆ ಹಿಡಿತ ಹೆಚ್ಚುತ್ತದೆ, ಶಾಖವನ್ನೂ ತಡೆಯುತ್ತದೆ. ಆದರೆ ಅದು ನಯವಾಗಿ ಜಾರಲಾರದು, ಥಟ್ಟನೆ ಕಚ್ಚಿ ಕಾರನ್ನು ಕುಪ್ಪಳಿಸುವಂತೆ ಮಾಡುತ್ತದೆ. ಅಂಥ ಪ್ಲೇಟಿನೊಡನೆ ಹಗುರ ಫ್ಲೈವೀಲನ್ನು ಜೋಡಿಸಿ ಊರಿನ ಬೀದಿಗಳಲ್ಲಿ ಓಡಿಸುವುದು ಚಾಲಕನಿಗೆ ಒಂದು ಶಿಕ್ಷೆಯೆಂದೇ ನನ್ನ ಅಭಿಪ್ರಾಯ. ಉಳಿದದ್ದು ಬಿಗಿಯಾದ ಸ್ಪ್ರಿಂಗ್. ಅದರ ಬೆಲೆಯನ್ನು ಚಾಲಕನ ಕಾಲು ತೆರುತ್ತದೆ. ಕ್ರ್ಯಾಂಕ್ ಷಾಫ್ಟೂ ತೆರುತ್ತದೆ. ಪೆಡಲನ್ನು ಒತ್ತಿದಾಗಲೆಲ್ಲ ಕ್ರ್ಯಾಂಕ್ ಷಾಫ್ಟು ಮುಂದಕ್ಕೆ ತಳ್ಳಲ್ಪಡುತ್ತದೆ. ಅದನ್ನು ತಡೆಯುವುದು ನಡುವಣ ಬೇರಿಂಗಿನ ಬಳಿಯಿರುವ ತೆಳುವಾದ ಅರ್ಧಚಂದ್ರಾಕಾರದ ಬಿಲ್ಲೆಗಳು ಮಾತ್ರ. ಎಂ.ಜಿ.ಬಿ.ಯಲ್ಲಿ ರಿಲೀಸ್ ಬೇರಿಂಗ್ ಕೂಡ ಗುಂಡುಗಳುಳ್ಳದ್ದಲ್ಲ, ಇಂಗಾಲದ ಒಂದು ಬಳೆ. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರ ಕೈಯಲ್ಲಿ ಅದು ಬೇಗ ಸವೆದುಹೋಗುತ್ತದೆ.

ಇದಕ್ಕೆ ಹಿಂದಿನ ಎಂ.ಜಿ.ಎ. ಕಾರಿನ ಕ್ಲಚ್ಚಿನಲ್ಲಿ ಸುರುಳಿ ಸ್ಪ್ರಿಂಗುಗಳಿದ್ದುವು. ಪ್ಲೇಟು ಸವೆದಂತೆ ಸುರುಳಿ ಸಡಿಲವಾಗಿ ಒತ್ತುಬಲ ಕುಗ್ಗುತ್ತಿತ್ತು. ಎಂ.ಜಿ.ಬಿ.ಯಲ್ಲಿರುವುದು ತಟ್ಟೆಯಾಕಾರದ ಡಯಾಫ್ರಾಂ ಸ್ಪ್ರಿಂಗ್. ಸವೆತದ ಬಹುಭಾಗದಲ್ಲಿ ಅದರ ಒತ್ತುಬಲ ಅಷ್ಟಾಗಿ ಇಳಿಯುವುದಿಲ್ಲ. ಪೆಡಲೂ ಪೂರ್ತಿ ಒತ್ತಿದಾಗ ಹಗುರವಾಗುತ್ತದೆ. ಹಿಡಿತ ಹೆಚ್ಚಬೇಕಾದಾಗ ಇದೇ ಬಗೆಯ ತುಸು ಬಿಗಿಯಾದ ಸ್ಪ್ರಿಂಗನ್ನೂ ಸಾಮಾನ್ಯ ಘರ್ಷಣಪದರವುಳ್ಳ ಪ್ಲೇಟನ್ನೂ ಆರಿಸುವುದು ರಸ್ತೆಯ ಕಾರಿಗೆ ಸರಿಯಾದ ಮಾರ್ಗ.

ಚಾಲಕನ ಕಾಲಿಗೆ ಅಪಾಯವೆಂದೆನಲ್ಲವೆ? ಹಳೆಯ ಫ್ಲೈವೀಲುಗಳು ಸಾಮಾನ್ಯವಾಗಿ ಎರಕದ ಕಬ್ಬಿಣದವು. ನಿಮಿಷಕ್ಕೆ 6000 ಸುತ್ತಿನಲ್ಲಿ ನಮ್ಮ ಬಿಲ್ಲೆಯ ಅಂಚು ಸೆಕೆಂಡಿಗೆ 94 ಮೀಟರ್ ವೇಗದಿಂದ ಧಾವಿಸುತ್ತದೆ. ಅದನ್ನು ಸೀಳಲೆಳಸುವ ಎಳೆತ ವೇಗದ ವರ್ಗದಂತೆ ಏರುತ್ತದೆ. 7500 ಸುತ್ತಿಗೆ ಹೋದರೆ ಒಂದೂವರೆ ಪಟ್ಟನ್ನು ಮೀರುತ್ತದೆ. ಎರಕದ ಕಬ್ಬಿಣ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದು ಕಡಮೆ. ಹಲವು ವರ್ಷ ಕಾದು ಆರಿದ ಮುಖದಲ್ಲಿ ಕೂದಲೆಳೆಯಂಥ ಬಿರುಕುಗಳಿರಬಹುದು. ಅಂಥದನ್ನು ಲೇತಿಗೆ ಹಾಕಿ ತೆಳುವಾಗಿಸಿ, ಮೇಲೆ ಹೆಚ್ಚು ಸುತ್ತಿಗೆ ಓಡಿಸಿದರೆ ಅದು ಸಿಡಿದು ಚೂರಾಗುವ ಸಂಭವವುಂಟು. ಸುತ್ತಲಿರುವುದು ಅಲ್ಯುಮಿನಿಯಂ ಕವಚ. ಅದರಾಚೆ ಚಾಲಕನ ಪಾದಗಳು. ಅಮೆರಿಕದ ನೇರ ಓಟದ ಪಂದ್ಯಗಳಲ್ಲಿ ವೇಗದ ಕಾರುಗಳಿಗೆ ಈ ಭಾಗದ ಸುತ್ತ ಉಕ್ಕಿನ ರಕ್ಷಾಕವಚವನ್ನು ಕಡ್ಡಾಯಮಾಡಿರುವುದು ಇದಕ್ಕಾಗಿ. ಹಗುರವಾದ ಚಕ್ರ ಬೇಕೆಂದಾದರೆ ಅದನ್ನು ಉಕ್ಕಿನಿಂದಲೇ ಹೊಸದಾಗಿ ಮಾಡಿದ್ದನ್ನು ಕೊಳ್ಳಬೇಕು.

ಹಾಗಾದರೆ ಯಾರಿಗೆ ಯಾವುದು? ರಜಾದಿನಗಳಲ್ಲಿ ರಸ್ತೆಯಲ್ಲಿ ಓಡಿಸುವವನಿಗೆ ಮೂಲ ಫ್ಲೈವೀಲೇ ಲೇಸು. ಹೆಚ್ಚೆಂದರೆ ಜಡತ್ವದಲ್ಲಿ ಐದರಲ್ಲೊಂದು ಪಾಲನ್ನು ಇಳಿಸಬಹುದು. ಬೆಟ್ಟದ ಏರಿನ ಚಿಕ್ಕ ಪಂದ್ಯಗಳಲ್ಲಿ ಮೊದಲ ಎರಡು ಗೇರುಗಳದ್ದೇ ದರ್ಬಾರು. ಅಲ್ಲಿ ಅರ್ಧದಷ್ಟು ಇಳಿಸುವುದು ನ್ಯಾಯ. ಸುತ್ತುದಾರಿಯ ಪಂದ್ಯಗಳಲ್ಲಿ ಮೊದಲನೆಯ ಗೇರು ಬಹುಮಟ್ಟಿಗೆ ಹೊರಡುವಾಗಿನದು. ಲಾಭವೆಲ್ಲ ಗೇರು ಬದಲಿಸುವ ಚುರುಕಿನಲ್ಲಿದೆ. ವಿಚಿತ್ರವೆಂದರೆ, ನೇರ ಓಟದ ಪಂದ್ಯಗಳಿಗೆ ಭಾರವಾದ ಕಾರನ್ನು ತರುವ ಕೆಲವರು ಫ್ಲೈವೀಲನ್ನು ಬೇಕೆಂದೇ ಭಾರವಾಗಿಡುತ್ತಾರೆ. ನಿಂತಲ್ಲಿಯೇ ಅದರಲ್ಲಿ ಶಕ್ತಿಯನ್ನು ತುಂಬಿಸಿ, ಕ್ಲಚ್ಚನ್ನು ಬಿಟ್ಟೊಡನೆ ಆ ಶಕ್ತಿಯಿಂದಲೇ ಚಿಮ್ಮುವ ಉಪಾಯ ಅವರದು.

ಜೋಡಿಸುವಾಗ ಎರಡು ಎಚ್ಚರಿಕೆಗಳು. ಹಳೆಯ ಕ್ಲಚ್ ಪ್ಲೇಟುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ ಕವಚದೊಳಗಿನ ಧೂಳನ್ನು ಗಾಳಿಯಿಂದ ಊದದೆ, ಒದ್ದೆಯ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಫ್ಲೈವೀಲನ್ನೂ ಕ್ಲಚ್ಚಿನ ಕವಚವನ್ನೂ ಒಟ್ಟಿಗೆ ಜೋಡಿಸಿ ಸಮತೋಲ ನೋಡಿಸಬೇಕು. ಅಕ್ಷದಿಂದ 10 ಸೆಂಟಿಮೀಟರ್ ದೂರದಲ್ಲಿ ಬರಿಯ 10 ಗ್ರಾಂ ಹೆಚ್ಚಾಗಿದ್ದರೂ 6000 ಸುತ್ತಿನಲ್ಲಿ ಅದು ಸುಮಾರು 40 ಕಿಲೋಗ್ರಾಂ ತೂಕದಷ್ಟು ಬಲದಿಂದ ಕ್ರ್ಯಾಂಕ್ ಷಾಫ್ಟನ್ನು ಸೆಕೆಂಡಿಗೆ ನೂರು ಬಾರಿ ಸುತ್ತೆಲ್ಲ ಜಗ್ಗುತ್ತದೆ. ಸಮತೋಲವಾದ ಮೇಲೆ ಎರಡರ ಮೇಲೂ ಒಂದೇ ನೇರದಲ್ಲಿ ಗುರುತು ಹಾಕಿಟ್ಟುಕೊಂಡರೆ ಮುಂದೆ ಬಿಚ್ಚಿದಾಗ ಅದೇ ಸ್ಥಾನದಲ್ಲಿ ಕೂಡಿಸಬಹುದು.