ಬಚ್ಚಲಿಗೆ ಷವರ್ ಹಾಕುವ ಮುನ್ನ

ರಜಾದಿನಗಳಲ್ಲಿ ಬಚ್ಚಲುಮನೆಗೆ ತಾವೇ ಷವರ್ ಜೋಡಿಸುವ, ಟೈಲ್ಸ್ ಕೂರಿಸುವ ಉತ್ಸಾಹಿಗಳು ಅನೇಕರಿದ್ದಾರೆ. ಟೈಲ್ಸ್‌ನ ಬಣ್ಣದ ಬಗ್ಗೆ ಮನೆಮಂದಿಯೆಲ್ಲ ಚರ್ಚಿಸುತ್ತಾರೆ. ಆದರೆ ಸೋಪಿನ ನೀರು ಹರಿಯುವ ಆ ನೆಲದ ಮೇಲೆ ಎಪ್ಪತ್ತು ದಾಟಿದ ಅಜ್ಜಿಯೂ ನಿಲ್ಲಬೇಕು ಎಂಬುದು ಎಷ್ಟೋ ಸಲ ಮರೆತುಹೋಗುತ್ತದೆ.

ವಯಸ್ಸಾದಂತೆ ಮೂಳೆಗಳು ಟೊಳ್ಳಾಗುತ್ತವೆ. ಮುಟ್ಟು ನಿಂತ ಹೆಂಗಸರಲ್ಲಿ ಇದು ಹೆಚ್ಚು. ಜಾರಿ ಬಿದ್ದರೆ ಸೊಂಟದ ಬಳಿ ತೊಡೆಮೂಳೆ ಮುರಿಯಬಹುದು. ಇದಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕು. ಹಾಸಿಗೆ ಹಿಡಿದವರಿಗೆ ನ್ಯುಮೋನಿಯಾ, ಬೆನ್ನಿನ ಹುಣ್ಣು, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಮುಂತಾದ ತೊಂದರೆಗಳು ಕಾಡುತ್ತವೆ. ಬಿಸಿನೀರಿನ ಸ್ನಾನದಿಂದ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುವುದರಿಂದ, ಬಿ.ಪಿ. ಮಾತ್ರೆ ನುಂಗುವವರಿಗೆ ತಲೆ ಸುತ್ತುವುದೂ ಉಂಟು.

ನೆಲ: ನುಣುಪಾದ, ಹೊಳೆಯುವ ಟೈಲ್ಸ್ ಬೇಡ. ಒರಟು ಮೈಯ, ಚಿಕ್ಕ ಟೈಲ್ಸ್ ಹಾಕಿ; ಸಂದುಗಳು ಹೆಚ್ಚಿದಷ್ಟೂ ಕಾಲಿಗೆ ಹಿಡಿತ ಹೆಚ್ಚು. ನೀರು ಹೋಗುವ ತೂಬಿನ ಕಡೆಗೆ ಅಡಿಗೆ ಕಾಲು ಇಂಚಿನಷ್ಟು ಇಳಿಜಾರಿರಲಿ. ಒಂದು ಬಕೆಟ್ ನೀರು ಸುರಿದು ನೋಡಿ, ಎಲ್ಲಿಯೂ ನಿಲ್ಲಬಾರದು. ನಿಂತ ನೀರಿನಲ್ಲಿ ಪಾಚಿ ಕಟ್ಟುತ್ತದೆ.

ಹಿಡಿಕೆ ಮತ್ತು ಆಸನ: ನೆಲದಿಂದ ಸುಮಾರು 33ರಿಂದ 36 ಇಂಚು ಎತ್ತರದಲ್ಲಿ ಗಟ್ಟಿ ಗೋಡೆಗೆ ಬೋಲ್ಟ್ ಹಾಕಿ ಹಿಡಿಕೆ ಕೂರಿಸಿ. ಟವೆಲ್ ಹಾಕುವ ಸರಳು ಮೈಭಾರ ತಡೆಯದು. ನೀವೇ ಜೋತುಬಿದ್ದು ಪರೀಕ್ಷಿಸಿದ ಮೇಲೆ ಹಿರಿಯರಿಗೆ ಬಿಟ್ಟುಕೊಡಿ. ಒಂದೂವರೆ ಅಡಿ ಎತ್ತರದ, ಅಲ್ಲಾಡದ ಆಸನ ಮತ್ತು ಕೈಯಲ್ಲಿ ಹಿಡಿಯುವ ಷವರ್ ಇದ್ದರೆ ಅವರು ಕುಳಿತೇ ಸ್ನಾನ ಮಾಡಬಹುದು.

ನೀರಿನ ಬಿಸಿ: 60 ಡಿಗ್ರಿ ಸೆಲ್ಸಿಯಸ್ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕುಗ್ಗಿದವರಿಗೆ ಸುಟ್ಟದ್ದೂ ತಿಳಿಯದು. ಮೊದಲು ತಣ್ಣೀರು ಬಿಟ್ಟು, ಆಮೇಲೆ ಬಿಸಿನೀರು ಬೆರೆಸಿ. ಸ್ಪರ್ಶಜ್ಞಾನ ಕುಗ್ಗಿದವರಿದ್ದರೆ ಮನೆಯವರು ಮುಟ್ಟಿ ನೋಡಲಿ.

ನೀವೇ ಮಾಡಬಾರದ್ದು: ಗೀಸರಿನ ವೈರಿಂಗ್ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ. ಅರ್ಥಿಂಗ್ ಜೊತೆಗೆ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸಾಧನವೂ ಇರಲಿ. ಗ್ಯಾಸ್ ಗೀಸರನ್ನಂತೂ ಬಚ್ಚಲಿನೊಳಗೆ ಹಾಕಲೇಬೇಡಿ. ಮುಚ್ಚಿದ ಕೋಣೆಯಲ್ಲಿ ಅದು ಉರಿದಾಗ ಆಮ್ಲಜನಕ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಸ್ನಾನ ಮಾಡುತ್ತಿದ್ದವರು ಸದ್ದಿಲ್ಲದೆ ಕುಸಿಯುತ್ತಾರೆ. ಗೀಸರ್ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ.

ಬಾಗಿಲು: ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವುದಾದರೆ, ಬಿದ್ದವರ ದೇಹವೇ ಅದಕ್ಕೆ ಅಡ್ಡವಾಗುತ್ತದೆ. ಚಿಲಕವೂ ಹೊರಗಿನಿಂದ ತೆಗೆಯುವಂತಿರಲಿ.

ಇಷ್ಟಾಗಿಯೂ ಯಾರಾದರೂ ಬಿದ್ದರೆ ಗಾಬರಿಯಿಂದ ಎತ್ತಿ ನಿಲ್ಲಿಸಬೇಡಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಮೂಳೆ ಮುರಿದಿರುವ ಸಂಭವ ಹೆಚ್ಚು. ತಿಕ್ಕುವುದು, ಎಳೆಯುವುದು ಬೇಡ. ಕಾಲು ಅಲುಗದಂತೆ ಮಲಗಿಸಿಕೊಂಡೇ ಆಸ್ಪತ್ರೆಗೆ ಕರೆದೊಯ್ಯಿರಿ.