ಒಳಮನಸ್ಸಿನ ಸರದಿ ಕೊನೆಗೆ ಬರಲಿ

ಅಭ್ಯರ್ಥಿ ಒಳಗೆ ಬಂದು, ಕುರ್ಚಿಯಲ್ಲಿ ಕೂತು, ನಾಲ್ಕು ಮಾತಾಡುವಷ್ಟರಲ್ಲಿ ‘ಇವರು ನಮಗೆ ಸರಿ’ ಎಂದೋ ‘ಇವರಿಂದ ಆಗದು’ ಎಂದೋ ಸಂದರ್ಶಕರ ಒಳಮನಸ್ಸು ತೀರ್ಮಾನ ಮಾಡಿಬಿಟ್ಟಿರುತ್ತದೆ. ಆ ಮಾತನ್ನು ಕೇಳಬೇಕೇ, ತಳ್ಳಿಹಾಕಬೇಕೇ? ಕೇಳಬೇಕು, ಆದರೆ ಎಲ್ಲ ಮುಗಿದ ಮೇಲೆ ಕೇಳಬೇಕು. ಇದಕ್ಕೆ ಒಳ್ಳೆಯ ಆಧಾರ ಸಿಗುವುದು 1955ರ ಇಸ್ರೇಲ್ ಸೇನೆಯಲ್ಲಿ. ಹೊಸದಾಗಿ ಸೇರಿದವರನ್ನು ಹದಿನೈದಿಪ್ಪತ್ತು ನಿಮಿಷ ಮಾತಾಡಿಸಿ, ಒಟ್ಟಾರೆ ಅನಿಸಿಕೆಯ ಮೇಲೆ ಅಳೆಯುವ ಪದ್ಧತಿ ಅಲ್ಲಿತ್ತು. ಮುಂದೆ ಅವರು ಎಂಥ ಸೈನಿಕರಾಗುತ್ತಾರೆಂಬುದನ್ನು ಆ ಅನಿಸಿಕೆ ಹೇಳುತ್ತಲೇ ಇರಲಿಲ್ಲ. ಇದನ್ನು ಸರಿಪಡಿಸುವ ಹೊಣೆ ಬಿದ್ದದ್ದು ಆಗಿನ್ನೂ 21 ವರ್ಷದ ಡೇನಿಯಲ್ ಕಾನೆಮನ್ ಮೇಲೆ. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು ಇವರೇ. ಅವರು ಆರು ಗುಣಗಳನ್ನು ಆರಿಸಿದರು. ಎಷ್ಟು ಕಡೆ ಕೆಲಸ ಮಾಡಿದ್ದೀರಿ, ಗೆಳೆಯರನ್ನು ಎಷ್ಟು ಸಲ ಭೇಟಿಯಾಗುತ್ತೀರಿ ಎಂಬಂಥ ನೇರ ಪ್ರಶ್ನೆಗಳನ್ನಷ್ಟೇ ಕೇಳಿ, ಒಂದು ಗುಣಕ್ಕೆ ಅಂಕ ಬರೆದ ನಂತರವೇ ಮುಂದಿನದಕ್ಕೆ ಹೋಗಬೇಕೆಂದರು. ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಎಂದು ಸಂದರ್ಶಕರು ಸಿಟ್ಟಾದರು. ಹಾಗಿದ್ದರೆ ಆರೂ ಅಂಕ ಬರೆದ ಮೇಲೆ ಕಣ್ಣು ಮುಚ್ಚಿ, ಆತ ಸೈನಿಕನಾಗಿರುವುದನ್ನು ಕಲ್ಪಿಸಿಕೊಂಡು ನಿಮ್ಮದೇ ಒಂದು ಅಂಕ ಕೊಡಿ ಎಂದು ಕಾನೆಮನ್ ಒಪ್ಪಿಸಿದರು. ಹೊಸ ಪದ್ಧತಿ ಹಳೆಯದಕ್ಕಿಂತ ಎಷ್ಟೋ ಚೆನ್ನಾಗಿ ಕೆಲಸ ಮಾಡಿತು. ಅಚ್ಚರಿಯೆಂದರೆ, ಕಣ್ಣು ಮುಚ್ಚಿ ಕೊಟ್ಟ ಅಂಕವೂ ಆರು ಅಂಕಗಳ ಮೊತ್ತದಷ್ಟೇ ನಿಖರವಾಗಿತ್ತು. ಅವೇ ಮನಸ್ಸುಗಳು, ಆದರೆ ಈ ಸಲ ಅವಕ್ಕೆ ಮೊದಲು ವಿವರ ಸಿಕ್ಕಿತ್ತು.

ಅನುಭವಿಗಳಿಗೆ ಇಷ್ಟೆಲ್ಲ ಕಟ್ಟುಪಾಡು ಬೇಕೇ ಎಂಬ ಆಕ್ಷೇಪಣೆ ಹಗುರವಾದುದಲ್ಲ. ಅಮೆರಿಕದ ಅಗ್ನಿಶಾಮಕ ದಳಗಳನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಒಬ್ಬ ಅಧಿಕಾರಿಯ ಪ್ರಸಂಗ ದಾಖಲಿಸಿದ್ದಾರೆ. ಅಡುಗೆಮನೆಯ ಬೆಂಕಿಗೆ ಎಷ್ಟು ನೀರು ಹಾಯಿಸಿದರೂ ಅದು ಜಗ್ಗಲಿಲ್ಲ. ಸೆಕೆ ವಿಪರೀತ, ಸದ್ದು ಮಾತ್ರ ಕಡಿಮೆ. ಆತ ತನ್ನವರನ್ನೆಲ್ಲ ಹೊರಗೆ ಕರೆಸಿಕೊಂಡ ಬೆನ್ನಿಗೇ ನೆಲ ಕುಸಿಯಿತು. ಬೆಂಕಿ ಇದ್ದದ್ದು ನೆಲಮಾಳಿಗೆಯಲ್ಲಿ. ಕಾರಣ ಆತನಿಗೇ ಆಗ ಗೊತ್ತಿರಲಿಲ್ಲ, ಆದರೂ ಆ ಒಳಮನಸ್ಸು ಸರಿಯಾಗಿತ್ತು. ಇಂಥ ಪರಿಣತಿ ಮೂಡಲು ಎರಡು ಬೇಕೆಂದು, ವಿರುದ್ಧ ಪಾಳೆಯದವರೆನಿಸಿದ್ದ ಕಾನೆಮನ್ ಮತ್ತು ಕ್ಲೈನ್ 2009ರಲ್ಲಿ ಜೊತೆಯಾಗಿ ಬರೆದರು: ಕೆಲಸದಲ್ಲಿ ಒಂದು ಕ್ರಮವಿರಬೇಕು, ಮತ್ತು ತಪ್ಪು-ಸರಿ ಬೇಗ ತಿಳಿಯುತ್ತ ಕಲಿಯಲು ಅವಕಾಶವಿರಬೇಕು. ಬೆಂಕಿ ಆರಿಸುವವರಿಗೆ ಫಲ ನಿಮಿಷಗಳಲ್ಲೇ ಕಾಣುತ್ತದೆ. ಸಂದರ್ಶಕರಿಗೆ ತಾವು ಬೇಡವೆಂದು ಕಳಿಸಿದವರು ಮುಂದೆ ಏನಾದರೆಂಬುದು ತಿಳಿಯುವುದೇ ಅಪರೂಪ. ಹಾಗಾಗಿ ಇಪ್ಪತ್ತು ವರ್ಷದ ಅನುಭವ ಅವರ ಧೈರ್ಯವನ್ನಷ್ಟೇ ಬೆಳೆಸಿರಬಹುದು, ತಿಳಿವಳಿಕೆಯನ್ನಲ್ಲ.

ಆಡಳಿತ ಮಂಡಳಿಯ ದೊಡ್ಡ ನಿರ್ಧಾರಗಳಲ್ಲಿ ಈ ಕೊರತೆ ಇನ್ನೂ ಹೆಚ್ಚು. ಮತ್ತೊಂದು ಕಂಪನಿಯನ್ನು ಕೊಳ್ಳುವ ಸಂದರ್ಭ ಒಬ್ಬ ಮುಖ್ಯಸ್ಥರ ಅವಧಿಯಲ್ಲಿ ಕೆಲವೇ ಸಲ ಬರುತ್ತದೆ. ಫಲ ತಿಳಿಯಲು ವರ್ಷಗಳು ಬೇಕು, ಅಷ್ಟರಲ್ಲಿ ಮಾರುಕಟ್ಟೆಯೇ ಬದಲಾಗಿರುತ್ತದೆ. ಅಲ್ಲಿ ಸಾಲ, ಸಿಬ್ಬಂದಿ, ಗ್ರಾಹಕರ ಸ್ಥಿತಿಯನ್ನು ಬೇರೆ ಬೇರೆಯಾಗಿ ತೂಗಿ, ಪ್ರತಿ ಸದಸ್ಯರೂ ತಮ್ಮ ಅಭಿಪ್ರಾಯವನ್ನು ಚರ್ಚೆಗೆ ಮುಂಚೆಯೇ ಬರೆದುಕೊಡುವುದು ಒಳ್ಳೆಯದು. ಅಧ್ಯಕ್ಷರೇ ಮೊದಲು ಬಾಯಿಬಿಟ್ಟರೆ ಉಳಿದವರ ಒಳಮನಸ್ಸೂ ಅದೇ ದಾರಿ ಹಿಡಿಯುತ್ತದೆ, ಅವರವರಿಗೆ ಬೇರೆಯಾಗಿ ಗೊತ್ತಿದ್ದದ್ದು ಮೇಜಿನ ಮೇಲೆ ಬರುವುದೇ ಇಲ್ಲ.