ಪಂಪಿನ ಬೇರಿಂಗು ಮತ್ತು ಸೀಲುಗಳ ಬದಲಾವಣೆ: ಕ್ರಮ ಹಾಗೂ ಕಾರಣ

ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿಗೆ ಸಮೀಪದಲ್ಲಿ ತುಂಬಿ ಹರಿಯುವ ನದಿಯಿಲ್ಲ. ದಂಡುಪ್ರದೇಶದ ನೀರಿನ ಅಗತ್ಯಕ್ಕಾಗಿ 1882ರಲ್ಲಿ ಸ್ಯಾಂಕಿ ಕೆರೆ ನಿರ್ಮಾಣವಾಯಿತು. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ನಗರಕ್ಕೆ ಬಂದಿತು. 1974ರಿಂದ ಕಾವೇರಿಯ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳೆಂಬ ಮೂರು ಪಂಪುಮನೆಗಳ ಮೂಲಕ ಸುಮಾರು 100 ಕಿಲೋಮೀಟರು ದೂರವನ್ನೂ 500 ಮೀಟರು ಎತ್ತರವನ್ನೂ ದಾಟಿ ಬರುತ್ತಿದೆ. 2024ರಲ್ಲಿ ಉದ್ಘಾಟಿತವಾದ ಐದನೆಯ ಹಂತವು ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಈ ನೀರನ್ನು ಒದಗಿಸಲು ರೂಪಿತವಾದುದು. ಕೃಷ್ಣರಾಜಪುರದ ಸುತ್ತಲಿನ ಊರುಗಳೂ ಅವುಗಳಲ್ಲಿವೆ. ಸಾವಿರ ಲೀಟರು ನೀರನ್ನು 500 ಮೀಟರು ಮೇಲೆತ್ತಲು, ಯಾವ ನಷ್ಟವನ್ನೂ ಗಣಿಸದೆಯೇ, 1.36 ಯೂನಿಟ್ ವಿದ್ಯುತ್ತು ಬೇಕು. ಹಲಸೂರಿನ ನಲ್ಲಿಯಲ್ಲಿ ನೀರು ಬರುವುದು ಹೀಗೆ ತಿರುಗುವ ಶಾಫ್ಟುಗಳನ್ನು ಅವಲಂಬಿಸಿದೆ. ಆ ಶಾಫ್ಟನ್ನು ಹೊರುವ ಬೇರಿಂಗು ಮತ್ತು ಅದರ ಸುತ್ತ ನೀರನ್ನು ತಡೆಯುವ ಸೀಲು, ಇವೆರಡರ ಬದಲಾವಣೆಯನ್ನು ಇಲ್ಲಿ ವಿವೇಚಿಸಲಾಗಿದೆ. ನಿದರ್ಶನಕ್ಕಾಗಿ ಕಾರ್ಖಾನೆಗಳಲ್ಲಿ ಸಾಮಾನ್ಯವಾದ ಮಧ್ಯಮ ಗಾತ್ರದ ಒಂದು ಕೇಂದ್ರಾಪಗಾಮಿ ಪಂಪನ್ನು ತೆಗೆದುಕೊಳ್ಳೋಣ.

ಬೇರಿಂಗು ಮತ್ತು ಸೀಲು ಬೇರೆ ಬೇರೆ ಭಾಗಗಳಾದರೂ ಅವುಗಳ ಆಯುಸ್ಸು ಒಂದಕ್ಕೊಂದು ಹೆಣೆದುಕೊಂಡಿದೆ. ಸೀಲು ಸೋರಿದರೆ ನೀರು ಶಾಫ್ಟಿನ ಗುಂಟ ಸರಿದು ಬೇರಿಂಗಿನ ಎಣ್ಣೆಯನ್ನು ಸೇರುತ್ತದೆ. ಎಣ್ಣೆಯ ಪದರ ಕೆಟ್ಟು ಗುಂಡುಗಳ ಹಾದಿ ತುಕ್ಕು ಹಿಡಿಯುತ್ತದೆ. ಬೇರಿಂಗು ಸವೆದರೆ ಶಾಫ್ಟು ಓಲಾಡಿ ಸೀಲಿನ ಮುಖಗಳು ಅಗಲುತ್ತವೆ. ಆಗ ಮತ್ತೆ ಸೋರಿಕೆ. ಆದುದರಿಂದ ಒಂದನ್ನು ಮಾತ್ರ ಬದಲಿಸಿ ಇನ್ನೊಂದನ್ನು ಪರೀಕ್ಷಿಸದೆ ಬಿಡುವುದು ರೋಗವನ್ನುಳಿಸಿ ಲಕ್ಷಣವನ್ನು ಮಾತ್ರ ಅಳಿಸಿದಂತೆ.

ಕೆಲಸಕ್ಕೆ ಮೊದಲು ವಿದ್ಯುತ್ತನ್ನು ಕಡಿದು, ಸ್ವಿಚ್ಚಿಗೆ ಬೀಗ ಹಾಕಿ, ಎರಡೂ ಕಡೆಯ ವಾಲ್ವುಗಳನ್ನು ಮುಚ್ಚಿ ಪಂಪನ್ನು ಬರಿದುಮಾಡಬೇಕು. ಹಳೆಯ ಬೇರಿಂಗನ್ನು ಪುಲ್ಲರಿನಿಂದ, ಅದರ ಕೊಕ್ಕೆಗಳು ಒಳಬಳೆಯನ್ನೇ ಹಿಡಿಯುವಂತೆ, ಎಳೆಯತಕ್ಕದ್ದು. ಹೀಗೆ ಹೊರಬಂದ ಬೇರಿಂಗನ್ನು ಕೂಡಲೇ ಗುಜರಿಗೆ ಹಾಕಲಾಗದು. ಕಾರಣವನ್ನು ಹೇಳುವ ಸಾಕ್ಷಿ ಅದೇ. ಕಂದು ಕಲೆಗಳಿದ್ದರೆ ನೀರು ಒಳಹೊಕ್ಕಿದೆ. ಹೊರಬಳೆಯಲ್ಲಿ ಗುಂಡುಗಳ ಹಾದಿ ಓರೆಯಾಗಿದ್ದರೆ ಶಾಫ್ಟಿನ ನೇರ ತಪ್ಪಿದೆ ಅಥವಾ ಬೇರಿಂಗು ಸೊಟ್ಟಗೆ ಕೂತಿದೆ. ಗುಂಡುಗಳ ಅಂತರಕ್ಕೆ ಸರಿಯಾಗಿ ಸಾಲು ತಗ್ಗುಗಳಿದ್ದರೆ ಜೋಡಿಸುವಾಗ ಸುತ್ತಿಗೆಯ ಪೆಟ್ಟು ಬಿದ್ದಿರಬಹುದು. ಬಟ್ಟೆ ಒಗೆಯುವ ಹಲಗೆಯಂತಹ ಗೆರೆಗಳು ಮೋಟಾರಿನ ವಿದ್ಯುತ್ತು ಬೇರಿಂಗಿನ ಮೂಲಕ ಹರಿದುದನ್ನು ಸೂಚಿಸುತ್ತವೆ.

ಬಳಿಕ ಶಾಫ್ಟಿನ ಪರೀಕ್ಷೆ. ಅದನ್ನು ವಿ-ಆಕಾರದ ಆಧಾರಗಳ ಮೇಲಿರಿಸಿ ತಿರುಗಿಸಿದಾಗ ಡಯಲ್ ಗೇಜಿನ ಮುಳ್ಳು 0.05 ಮಿಲಿಮೀಟರಿಗಿಂತ ಹೆಚ್ಚು ಆಡಬಾರದೆಂಬುದು ರೂಢಿಯ ಮಿತಿ. ಬಾಗಿದ ಶಾಫ್ಟಿಗೆ ಹೊಸ ಬೇರಿಂಗು ತೊಡಿಸಿದರೆ ಫಲವಿಲ್ಲ.

ಹೊಸ ಬೇರಿಂಗನ್ನು ಕೂರಿಸುವಲ್ಲಿ ಬಲಕ್ಕಿಂತ ಲೆಕ್ಕ ಮುಖ್ಯ. 6310 ಎಂಬ ಬೇರಿಂಗಿನ ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ಒಳವ್ಯಾಸ 50 ಮಿಲಿಮೀಟರೆಂದು ತಿಳಿಯುತ್ತದೆ. ಇದಕ್ಕೆ ಕೆ-5 ದರ್ಜೆಯ ಶಾಫ್ಟು 50 ಮಿಲಿಮೀಟರಿಗಿಂತ 2ರಿಂದ 13 ಮೈಕ್ರೋಮೀಟರು ದಪ್ಪ. ಸಾಮಾನ್ಯ ದರ್ಜೆಯ ಬೇರಿಂಗಿನ ರಂಧ್ರವಾದರೋ 12 ಮೈಕ್ರೋಮೀಟರಿನವರೆಗೆ ಕಿರಿದಾಗಿರಬಹುದು. ಎಂದರೆ ಬಿಗಿತ 2ರಿಂದ 25 ಮೈಕ್ರೋಮೀಟರು. ಉಕ್ಕು ಪ್ರತಿ ಡಿಗ್ರಿಗೆ ತನ್ನ ಅಳತೆಯ ದಶಲಕ್ಷದಲ್ಲಿ 12 ಭಾಗ ಹಿಗ್ಗುವುದರಿಂದ, ಬೇರಿಂಗನ್ನು 80 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ರಂಧ್ರವು 48 ಮೈಕ್ರೋಮೀಟರು ಅಗಲವಾಗುತ್ತದೆ. ಬೇರಿಂಗು ತಾನಾಗಿ ಜಾರಿ ಕೂರುತ್ತದೆ. ಇದನ್ನು ಇಂಡಕ್ಷನ್ ಹೀಟರಿನಲ್ಲೋ ಎಣ್ಣೆಯ ಪಾತ್ರೆಯಲ್ಲೋ ಮಾಡಬೇಕು. ಬೆಂಕಿಯ ಜ್ವಾಲೆ ಸಲ್ಲದು, 120 ಡಿಗ್ರಿ ಸೆಲ್ಸಿಯಸನ್ನು ಮೀರಲೂಬಾರದು. ಆರಿದ ಮೇಲೆ ಅದು ಶಾಫ್ಟಿನ ಮೆಟ್ಟಿಲಿಗೆ ಒತ್ತಿಕೊಂಡಿದೆಯೇ ಎಂದು ನೋಡತಕ್ಕದ್ದು.

ಸೀಲುಗಳಲ್ಲಿ ಎರಡು ಬಗೆ. ಹಳೆಯ ಬಗೆಯಾದ ಗ್ಲ್ಯಾಂಡು ಪ್ಯಾಕಿಂಗಿನಲ್ಲಿ ಹೆಣೆದ ಹುರಿಯ ಬಳೆಗಳನ್ನು, ಒಂದರ ಸೀಳಿಗೆ ಮುಂದಿನದು 90 ಡಿಗ್ರಿ ಸರಿಯುವಂತೆ, ತುಂಬುತ್ತಾರೆ. ಅದು ಹನಿಹನಿಯಾಗಿ ತೊಟ್ಟಿಕ್ಕಲೇಬೇಕು. ಆ ಹನಿಯೇ ಅದಕ್ಕೆ ತಂಪು. ಸೋರಿಕೆಯನ್ನು ಪೂರ್ತಿ ನಿಲ್ಲಿಸಲು ನಟ್ಟುಗಳನ್ನು ಬಿಗಿದರೆ ಪ್ಯಾಕಿಂಗು ಸುಟ್ಟು ಸ್ಲೀವಿನ ಮೇಲೆ ಗೀರುಗಳೇಳುತ್ತವೆ. ಇನ್ನೊಂದು ಯಾಂತ್ರಿಕ ಸೀಲು: ಇಂಗಾಲದ ಮತ್ತು ಸಿಲಿಕಾನ್ ಕಾರ್ಬೈಡಿನಂತಹ ಗಡಸು ವಸ್ತುವಿನ ಎರಡು ಸಮತಟ್ಟು ಮುಖಗಳು ಅತ್ಯಂತ ತೆಳುವಾದ ನೀರಿನ ಪದರದ ಮೇಲೆ ಉಜ್ಜುತ್ತವೆ. ಮುಖಗಳನ್ನು ಬೆರಳಿನಿಂದ ಮುಟ್ಟಬಾರದು. ಇ.ಪಿ.ಡಿ.ಎಂ. ರಬ್ಬರಿನ ಉಂಗುರಗಳಿಗೆ ಖನಿಜ ತೈಲ ಸವರಿದರೆ ಅವು ಉಬ್ಬಿ ಕೆಡುತ್ತವೆ. ನೀರಿಲ್ಲದೆ ಪಂಪನ್ನು ಓಡಿಸಿದರೆ ಸ್ವಲ್ಪ ಹೊತ್ತಿನಲ್ಲಿಯೇ ಮುಖಗಳು ಬಿರಿಯಬಹುದು. ಇಂದಿರಾನಗರದ ಮನೆಗಳ ಸಂಪಿನ ಬಳಿಯಿರುವ ಸಣ್ಣ ಮಾನೋಬ್ಲಾಕ್ ಪಂಪಿಗೂ ಈ ಮಾತು ಅನ್ವಯಿಸುತ್ತದೆ.

ಕೊನೆಯದಾಗಿ, ಮೋಟಾರಿನ ಮತ್ತು ಪಂಪಿನ ಶಾಫ್ಟುಗಳು ಒಂದೇ ರೇಖೆಯಲ್ಲಿರಬೇಕು. ಇದನ್ನು ಕಪ್ಲಿಂಗಿನಲ್ಲಿ ಡಯಲ್ ಗೇಜಿನಿಂದ ಅಳೆದು, ಕೊಳವೆಗಳನ್ನು ಜೋಡಿಸಿದ ಮೇಲೆ ಪುನಃ ಅಳೆಯಬೇಕು. ಕೊಳವೆಯ ಎಳೆತವು ಪಂಪನ್ನು ಕದಲಿಸುವುದುಂಟು. ಗುಂಡಿನ ಬೇರಿಂಗಿನ ಆಯುಸ್ಸು ಹೊರೆಯ ಘನಕ್ಕೆ ವಿಲೋಮಾನುಪಾತದಲ್ಲಿರುವುದರಿಂದ, ಹೊರೆ ಇಮ್ಮಡಿಯಾದರೆ ಆಯುಸ್ಸು ಎಂಟನೆಯ ಒಂದಂಶಕ್ಕೆ ಇಳಿಯುತ್ತದೆ. ನೇರ ತಪ್ಪಿದ ಕಪ್ಲಿಂಗು ಮಾಡುವುದು ಇದನ್ನೇ.

ಪಂಪನ್ನು ಚಾಲೂ ಮಾಡಿದ ಬಳಿಕ ಬೇರಿಂಗಿನ ಉಷ್ಣತೆ, ಕಂಪನ, ಸೋರಿಕೆಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುವುದು ಅವಶ್ಯ. ಮುಂದಿನ ಕೆಡುಕನ್ನು ಮೊದಲೇ ಅರಿಯಲು ಆ ಅಂಕಿಗಳೇ ಆಧಾರ. ಕಾರಣವನ್ನು ಕಂಡುಹಿಡಿಯದೆ ಭಾಗವನ್ನು ಬದಲಿಸಿದವನು ಅದೇ ಕೆಲಸಕ್ಕೆ ಬೇಗನೆ ಮರಳಿ ಬರಬೇಕಾದೀತು. ಅಷ್ಟು ಹೊತ್ತು ಆ ಪಂಪಿನ ನೀರನ್ನು ನೆಚ್ಚಿದವರ ಕೊಡಗಳು ಬರಿದಾಗಿರುತ್ತವೆ.